ಬೆಳ್ಳಗಿದ್ದ ಬೇರು

ಕಳೆದ ಭಾನುವಾರ ಪ್ಯಾರಮಟ್ಟಾದ ನಮ್ಮ ಬಾಲ್ಕನಿಯಲ್ಲಿ ನನ್ನ ಗಂಡ ನಿಂಬೆ ಗಿಡದ ಕುಂಡಕ್ಕೆ ಕೀಟ ಕೊಲ್ಲುವ ವೈಟ್ ಆಯಿಲ್ ಸಿಂಪಡಿಸುತ್ತಿದ್ದರು. ಅಡುಗೆ ಎಣ್ಣೆಗೂ ಸೀಮೆಎಣ್ಣೆಗೂ ನೆಂಟಸ್ತಿಕೆ ಇರುವಂಥ ಆ ಜಿಡ್ಡು ವಾಸನೆ ಒಳಗೆ ಬಂತು. ಎಷ್ಟೋ ವರ್ಷದ ಮೇಲೆ ಪಕ್ಕದ ಮನೆಯ ಅಂಕಲ್ ನೆನಪಾದರು...

ಆಗ ನಾವು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಬಾಡಿಗೆಗೆ ಇದ್ದೆವು. ಅಂಕಲ್ ಮಗಳ ಜೊತೆ ಇದ್ದರು. ಮೈಸೂರಿನ ಕಡೆಯವರು. ಊರಿನಲ್ಲಿ ಕೃಷಿ ಕಾಲೇಜಿನಲ್ಲಿ ಸಸ್ಯರೋಗದ ಪಾಠ ಮಾಡಿ ನಿವೃತ್ತರಾದವರು. ನಮ್ಮ ಕನ್ನಡದವರೆಲ್ಲ ಬಾಡಿದ ಕರಿಬೇವು, ಮುರುಟಿದ ಮೆಣಸಿನ ಎಲೆ, ಎಲ್ಲದರ ಫೋಟೊ ತೆಗೆದು ಅವರಿಗೆ ಕಳಿಸುತ್ತಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದರು.

ಬೀದಿಯ ಮೂಲೆಯ ಮನೆಯಲ್ಲಿ ಒಬ್ಬ ವಯಸ್ಸಾದ ಆಸ್ಟ್ರೇಲಿಯನ್ ಹೆಂಗಸು ಒಬ್ಬರೇ ಇದ್ದರು. ಅವರ ಗೇಟಿನ ಎರಡೂ ಬದಿಗೆ ಒಂದೊಂದು ಹಾಲಿ ಗಿಡ. ಕ್ರಿಸ್ಮಸ್ ಕಾರ್ಡುಗಳ ಮೇಲೆ ಇರುತ್ತದಲ್ಲ, ಮುಳ್ಳಂಚಿನ ಎಲೆ, ಕೆಂಪು ಹಣ್ಣು, ಅದೇ. ಒಂದರಲ್ಲಿ ಹಣ್ಣು ಬಿಡುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ನೆಟ್ಟವರು ಅವರ ತೀರಿಹೋದ ಗಂಡ. ಇಲ್ಲಿ ಹಣ್ಣು ಕೆಂಪಾಗುವುದು ಚಳಿಗಾಲದಲ್ಲಿ. ಜುಲೈನಲ್ಲಿ ಆಕೆ ಒಂದು ಕೊಂಬೆ ಕತ್ತರಿಸಿ ಗಂಡನ ಸಮಾಧಿಗೆ ಒಯ್ಯುತ್ತಿದ್ದರು.

ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹಣ್ಣಿನ ಗಿಡದ ಎಲೆಗಳೆಲ್ಲ ಮಸಿ ಬಳಿದ ಹಾಗೆ ಕಪ್ಪಾದವು. ನಾನೇ ಅಂಕಲ್‌ರನ್ನು ಕರೆದುಕೊಂಡು ಹೋದೆ. ಅವರು ಕಪ್ಪನ್ನು ಬೆರಳಿನಿಂದ ಒರೆಸಿ, ಎಲೆಯನ್ನು ಮಗುಚಿ ತೋರಿಸಿದರು. ನಡುನರದ ಉದ್ದಕ್ಕೂ ಮೇಣದ ಹನಿಗಳಂತೆ ಬಿಳಿ ಕೀಟಗಳು ಅಂಟಿಕೊಂಡಿದ್ದವು. ಕಪ್ಪಾದದ್ದು ರೋಗವಲ್ಲ, ಈ ಕೀಟಗಳು ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು, ಕಾಂಡದ ಮೇಲೆ ಸಾಲುಗಟ್ಟಿದ ಇರುವೆಗಳೂ ಆ ಸಿಹಿಗೇ ಬಂದಿರುವುದು ಎಂದು ಹೇಳಿದರು. ಹಳೆ ಟೂತ್‌ಬ್ರಷ್ಷು, ಸೋಪಿನ ನೀರು ಹಿಡಿದು ಅವರೇ ಕೂತು ಕೀಟಗಳನ್ನು ಉಜ್ಜಿ ತೆಗೆದರು. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ ಎಂದು ಮೋಡದ ದಿನಕ್ಕಾಗಿ ಕಾದು, ಎಲೆಗಳ ಕೆಳಮೈ ಒದ್ದೆಯಾಗುವಂತೆ ವೈಟ್ ಆಯಿಲ್ ಹೊಡೆದರು. ಆ ಚಳಿಗಾಲ ಗಿಡ ಮಿರಿಮಿರಿ ಮಿಂಚಿತು. ಗೊಂಚಲು ಗೊಂಚಲು ಹಣ್ಣು. ಆಕೆ ಅವರನ್ನು 'ಡಾಕ್ಟರ್' ಎಂದು ಕರೆಯತೊಡಗಿದರು. ಅಂಕಲ್ ಮುಖದಲ್ಲಿ ಪಾಠ ಮಾಡುವ ಮೇಷ್ಟರ ಕಳೆ ಮರಳಿ ಬಂದಿತ್ತು.

ಅಕ್ಟೋಬರ್‌ನಲ್ಲಿ, ಅಲ್ಲಿ ವಸಂತ ಕಾಲಿಡುವಾಗ, ಹಣ್ಣಿಲ್ಲದ ಗಿಡ ಹಳದಿಯಾಯಿತು. ಒಳಗಿನ ಎಲೆಗಳಲ್ಲಿ ಚುಕ್ಕೆ ಬಿದ್ದು ದಿನವೂ ಉದುರುತ್ತಿದ್ದವು. ಚಳಿಗಾಲವಿಡೀ ಮಳೆ ಸುರಿದಿತ್ತು. ಅಲ್ಲಿಯ ಜೇಡಿಮಣ್ಣು ಇನ್ನೂ ಹಸಿಯಾಗಿತ್ತು. ಅಂಕಲ್ ಮಣ್ಣನ್ನು ಹಿಂಡಿ ನೋಡಿ, ಬೇರು ಕೊಳೆತು ಕಪ್ಪಾಗಿದೆ ಎಂದರು. ನೀರಿನ ಜೊತೆ ಈ ರೋಗ ಹಣ್ಣಿನ ಗಿಡಕ್ಕೂ ಹರಡುತ್ತದೆ, ಈಗಲೇ ಕಿತ್ತರೆ ಒಂದಾದರೂ ಉಳಿಯುತ್ತದೆ ಎಂದರು. ಆಕೆ ಗಿಡದ ಕಾಂಡದ ಮೇಲೆ ಕೈಯಿಟ್ಟು, "ಆರ್ ಯು ಶೂರ್, ಡಾಕ್ಟರ್?" ಎಂದು ಕೇಳಿದರು. ಜೀವಮಾನವೆಲ್ಲ ಇದೇ ರೋಗ ನೋಡಿದವನು ನಾನು ಎಂದು ಅಂಕಲ್ ನಕ್ಕರು.

ಆಕೆ ಒಪ್ಪಿ ಕರೆಸಿದ ಮಷೀನಿನವನು ಗಿಡವನ್ನು ಬುಡಸಮೇತ ಎತ್ತಿ ಮಲಗಿಸಿದ. ಅಂಕಲ್ ಬಗ್ಗಿ ಒಂದು ಬೇರನ್ನು ಉಗುರಿನಿಂದ ಕೆರೆದರು. ಇನ್ನೊಂದನ್ನು ಕೆರೆದರು. ಮೂಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಕನ್ನಡದಲ್ಲಿ ಹೇಳಿದರು: "ಬೇರು ಬೆಳ್ಳಗಿದೆ ಕಣಮ್ಮ."

ಆಕೆ ಟೀ ತಂದುಕೊಟ್ಟು, ಒಳಗೆ ತುಂಬ ಕೆಟ್ಟಿತ್ತಾ ಎಂದು ಕೇಳಿದರು. ಅಂಕಲ್ ತಲೆ ಅಲ್ಲಾಡಿಸಿದರು. ಅದು ಹೌದೋ ಅಲ್ಲವೋ ನನಗೂ ತಿಳಿಯಲಿಲ್ಲ. ಆಕೆ ಹೌದೆಂದೇ ತಿಳಿದರು.

ವಾರ ಕಳೆಯುವುದರಲ್ಲಿ ಉಳಿದ ಗಿಡವೂ ಹಾಗೆಯೇ ಹಳದಿ ಎಲೆ ಉದುರಿಸತೊಡಗಿತು. ಅಂಕಲ್ ಫುಟ್‌ಪಾತಿನಲ್ಲೇ ನಿಂತು ನೋಡಿ ನಮ್ಮ ಮನೆಗೆ ಬಂದರು. ಕೂರಲಿಲ್ಲ. "ರೋಗ ಅಲ್ಲಮ್ಮ ಅದು. ವಸಂತದಲ್ಲಿ ಈ ಗಿಡ ಹಳೇ ಎಲೆ ಉದುರಿಸುತ್ತೆ, ಅಷ್ಟೆ. ತುದೀಲಿ ಹೊಸ ಚಿಗುರು ಬರ್ತಿದೆ. ಆವತ್ತು ನಾನು ತುದಿ ನೋಡ್ಲೇ ಇಲ್ಲ. ಮಣ್ಣು ಮುಟ್ಟಿ ನೋಡ್ದೆ, ನನಗೆ ಗೊತ್ತಿರೋ ರೋಗ ಕಾಣಿಸ್ತು." ಬಾಗಿಲ ಕಡೆ ತಿರುಗಿ, "ಆಕೆಗೆ ಹೇಳ್ಬೇಕು. ನೀನೂ ಜೊತೇಲಿ ಬಾ. ಒಬ್ನೇ ಹೋದ್ರೆ ಗೇಟಿಂದ ವಾಪಸ್ ಬಂದ್ಬಿಡ್ತೀನಿ" ಎಂದರು.

ಹೋದೆವು. ಅವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಗಿಡಕ್ಕೆ ಏನೂ ಆಗಿರಲಿಲ್ಲ, ತಪ್ಪು ನನ್ನದು, ಬೇರು ನೋಡಿದ ಮೇಲೂ ಬಾಯಿಬಿಡಲಿಲ್ಲ ಎಂದರು. ಮೇಷ್ಟರಾಗಿದ್ದವರು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿದ್ದ ನನಗೂ ತಲೆಯೆತ್ತಲು ಆಗಲಿಲ್ಲ. ಆಕೆಯ ಕಾರ್ಪೆಟ್ಟಿನ ಹೂವಿನ ಅಂಚು ಈಗಲೂ ನನ್ನ ಕಣ್ಣಲ್ಲಿದೆ. ಕಿತ್ತದ್ದು ಗಂಡು ಗಿಡ, ಅದಿಲ್ಲದೆ ಇದು ಹಣ್ಣು ಬಿಡುವುದಿಲ್ಲ ಎಂದು ಆಕೆ ಮೆಲ್ಲಗೆ ಹೇಳಿದರು. ಅಂಕಲ್ ಗೊತ್ತು ಎಂದರು. ಬಂದು ಹೇಳಿದ್ದಕ್ಕೆ ಆಕೆ ಥ್ಯಾಂಕ್ಸ್ ಹೇಳಿದರು. ಆಮೇಲೆ, ಸ್ವಲ್ಪ ದಿನ ತೋಟದ ಕಡೆ ಬರಬೇಡಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಕಲ್‌ಗೆ ಹಗುರಾಗುತ್ತಿತ್ತೋ ಏನೋ...

ಮರುವರ್ಷ ಚಳಿಗಾಲದಲ್ಲಿ ಆ ಗಿಡ ಬರೀ ಹಸಿರಾಗಿ ನಿಂತಿತ್ತು. ಅಷ್ಟು ಹೊತ್ತಿಗೆ ಅಂಕಲ್ ಬಸ್ ಸ್ಟಾಪಿಗೆ ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿದ್ದರು. ಯಾರಾದರೂ ಎಲೆಯ ಫೋಟೊ ಕಳಿಸಿದರೆ, ಇಲ್ಲಿನ ಗಿಡ ನನಗೆ ತಿಳಿಯದು, ನರ್ಸರಿಯಲ್ಲಿ ಕೇಳಿ ನೋಡಿ ಎಂದು ಉತ್ತರ ಬರುತ್ತಿತ್ತು. ಒಮ್ಮೆ ಹೋಗಿ ಮಾತಾಡಿಸಿ ಬನ್ನಿ ಎಂದು ಅವರ ಮಗಳೂ ನಾನೂ ಎಷ್ಟು ಹೇಳಿದರೂ ಅವರದು ಒಂದೇ ಮಾತು, "ಯಾವ ಮುಖ ಇಟ್ಕೊಂಡು ಹೋಗ್ಲಮ್ಮ?"

ಮರು ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಆಕೆಯೂ ಬಂದಿದ್ದರು, ಕೋಲೂರಿಕೊಂಡು. ಎಲ್ಲ ಮುಗಿದ ಮೇಲೆ ನನ್ನ ಕೈ ಹಿಡಿದು, ಸಂಕೋಚಪಡುತ್ತಾ ಹೇಳಿದರು: "ನಾನು ಸ್ವಲ್ಪ ದಿನ ಅಂತ ಹೇಳಿದ್ದೆ. ಅವರು ಬಾಗಿಲು ತಟ್ಟುತ್ತಾರೆ ಅಂತ ಕಾಯುತ್ತಿದ್ದೆ. ನಾನೇ ಹೋಗಿ ಕರೆಯಬೇಕಿತ್ತು, ಅಲ್ಲವಾ?"

ಆಕೆಯ ಕೈ ಬಿಡದೆ ಕಾರಿನವರೆಗೆ ನಡೆಸಿಕೊಂಡು ಹೋದೆ.

ಈಗ ಆಕೆಯೂ ಇಲ್ಲ. ಆ ಮೂಲೆಯಲ್ಲಿ ಟೌನ್‌ಹೌಸ್‌ಗಳು ಎದ್ದಿವೆಯಂತೆ, ಗೇಟೂ ಇಲ್ಲ, ಗಿಡವೂ ಇಲ್ಲ. ಒಂದೇ ಬೀದಿಯಲ್ಲಿದ್ದರು ಇಬ್ಬರೂ. ಒಬ್ಬರು ಹೋಗಲು ನಾಚಿದರು, ಇನ್ನೊಬ್ಬರು ಕರೆಯಲು ನಾಚಿದರು...