ರುಮಾಲಿಗೊಂದು ವಿಂಡ್‌ಶೀಲ್ಡ್

ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಸೆಲ್ಯುಲಾಯ್ಡ್ ಪಟ್ಟಿಯೊಂದು ಸಿಕ್ಕಿತು. ಗೇಣುದ್ದ, ಎರಡು ಬೆರಳಗಲ. ಧೋತರದ ಅಂಚಿನಿಂದ ಉಜ್ಜಿದೆ. ಕರ್ಪೂರದ ವಾಸನೆ ಬಂತು. ಈ ಹೊತ್ತಿನಲ್ಲಿ ಯಾವ ದೇವರಿಗೆ ಆರತಿ ಎಂದು ಸೊಸೆ ಅಡುಗೆಮನೆಯಿಂದಲೇ ಕೇಳಿದಳು. ದೇವರಿಗಲ್ಲ, ಒಂದು ಫಟಫಟಿಗೆ ಎಂದೆ. ಪುಣೆಯ ಹತ್ತಿರದ ನಿಗಡಿಯ ನಮ್ಮ ಮನೆಯಲ್ಲಿ ನನ್ನ ಇಂಥ ಉತ್ತರಗಳಿಗೆ ಮರುಪ್ರಶ್ನೆ ಬರುವುದು ನಿಂತು ಬಹಳ ಕಾಲವಾಯಿತು.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನು ಪುಣೆಯಲ್ಲಿ ಕಾರಕೂನ, ಬ್ರಹ್ಮಚಾರಿ, ಒಂದು ಹಳೆಯ ವಾಡೆಯ ಬಾಡಿಗೆದಾರ. ಎದುರು ಕೋಣೆಗಳಲ್ಲಿ ಧಾರವಾಡದ ಕಡೆಯ ಮಾಸ್ತರರಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಆ ವರ್ಷ ವೈನಿಗೆ ಎದೆಯ ರೋಗ ಹಿಡಿದು, ಊರ ಹೊರಗಿನ ಕ್ಷಯದ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅಲ್ಲಿಗೆ ಹೋದವರಲ್ಲಿ ಮರಳಿ ಬಂದವರು ಕಡಿಮೆ...

ಶಾಲೆ ಬಿಟ್ಟ ಮೇಲೆ, ಭೇಟಿಯ ಹೊತ್ತು ಮುಗಿಯುವುದರೊಳಗೆ ಅಲ್ಲಿಗೆ ಮುಟ್ಟುವುದು ಟಾಂಗಾದ ಕುದುರೆಯಿಂದ ಆಗುವ ಕೆಲಸವಾಗಿರಲಿಲ್ಲ. ಹಾಗಾಗಿ ಮಾಸ್ತರರು, ವಿಲಾಯತಿಗೆ ಹೊರಟಿದ್ದ ಪಲ್ಟನ್ನಿನ ಗೋರಾ ಸೋಜರನೊಬ್ಬನ ಮೋಟಾರ್ ಸೈಕಲ್ಲನ್ನು, ನಮ್ಮ ಬಾಯಲ್ಲಿ ಫಟಫಟಿಯನ್ನು, ಕೊಂಡು ತಂದರು. ಅಂಗಳದಲ್ಲಿ ಅದಕ್ಕೆ ಪೂಜೆಯಾಯಿತು. ಕಚ್ಚೆ ಧೋತರ, ಉದ್ದ ಕೋಟು, ಕೆಂಪು ರುಮಾಲಿನಲ್ಲಿ ಅವರು ಅದನ್ನು ಏರಿದಾಗ, ಸಣ್ಣ ಸಂಸ್ಥಾನವೊಂದು ದಂಡೆತ್ತಿ ಹೊರಟಂತೆ ಕಾಣುತ್ತಿತ್ತು.

ಗಾಳಿಯ ವಿಷಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಮೊದಲ ದಿನವೇ ಸೇತುವೆಯ ಮೇಲೆ ರುಮಾಲು ಬಿಚ್ಚಿಕೊಂಡು, ಸ್ವಲ್ಪ ದೂರ ಬಾವುಟದಂತೆ ಹಿಂಬಾಲಿಸಿ, ನದಿಯ ಕಡೆಗೆ ಹೊರಟುಹೋಯಿತು. ಭೇಟಿಯ ಹೊತ್ತು ಮೀರುತ್ತಿತ್ತು. ಮಾಸ್ತರರು ಬರಿತಲೆಯಲ್ಲೇ ಮುಂದೆ ಹೋದರು.

ಇಂದಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ನಮ್ಮ ಮಂದಿಯಲ್ಲಿ ಗಂಡಸು ಬರಿತಲೆಯಲ್ಲಿ ಬೀದಿಗೆ ಬಂದನೆಂದರೆ ಅವನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಕಿಟಕಿಯಿಂದ ವೈನಿಗೆ ಕಂಡದ್ದು ಬರಿತಲೆಯ ಗಂಡ, ಅದೂ ಓಡುತ್ತ ಬರುವವನು. ಧಾರವಾಡದಲ್ಲಿದ್ದ ಗಂಡನ ತಾಯಿಯೇ ಹೋದರೆಂದು ಅವರು ಅತ್ತುಬಿಟ್ಟರು. ಅವರು ಅಳುವುದನ್ನು ಕಂಡು, ತಂತಿ ಆಸ್ಪತ್ರೆಗೇ ಬಂದಿರಬೇಕೆಂದುಕೊಂಡು ಮಾಸ್ತರರೂ ಕಣ್ಣೊರೆಸಿಕೊಂಡರು. ಯಾರು ಹೋದರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಯಾರೂ ಹೋಗಿಲ್ಲವೆಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ವೈನಿಗೆ ಕೆಮ್ಮು ಹತ್ತಿ ಜ್ವರ ಏರಿತ್ತು. ಡಾಕ್ಟರು ಮಾಸ್ತರರನ್ನು ಹೊರಗೆ ಕರೆದರು. ಮನಸ್ಸಿಗೆ ಇಂಥ ಪೆಟ್ಟು ಮತ್ತೊಮ್ಮೆ ಬಿದ್ದರೆ ಈ ಜೀವ ತಾಳುವುದಿಲ್ಲ, ಹಾಗೇನಾದರೂ ಆದರೆ ನಿಮ್ಮ ಭೇಟಿಯೇ ಬಂದ್ ಎಂದರು.

ಬರಿತಲೆಯಲ್ಲಿ ಊರೊಳಗೆ ಹಾದು ಬಂದದ್ದರ ಫಲವಾಗಿ, ಮರುದಿನ ಇಬ್ಬರು ಪರಿಚಿತರು ಮಾತಾಡಿಸಲು ಬಂದರು. ತೀರಿಕೊಂಡವರು ಯಾರೆಂದು ಕೇಳುವುದು ಸಭ್ಯತೆಯಲ್ಲವಾದ್ದರಿಂದ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, ಚಹಾ ಮುಟ್ಟದೆ ಎದ್ದುಹೋದರು.

ವಾಡೆಯ ಹಿರಿಯರು ಸಭೆ ಸೇರಿದರು. ಟೊಪ್ಪಿಗೆ ಹಾಕಿಕೊಳ್ಳಲಿ ಎಂದರೆ ಅದು ರುಮಾಲಿಗಿಂತ ಮೊದಲು ಹಾರುತ್ತದೆ. ರುಮಾಲಿನ ಮೇಲಿಂದ ಗದ್ದದ ಕೆಳಗೆ ಪಂಜೆ ಬಿಗಿಯಲಿ ಎಂದರೆ, ಹಲ್ಲುನೋವಿನವರ ಹಾಗೆ ಕಂಡು ವೈನಿಗೆ ಇನ್ನೊಂದು ಚಿಂತೆ. ರುಮಾಲನ್ನು ಡಬ್ಬಿಯಲ್ಲಿ ಒಯ್ದು ಅಲ್ಲಿಯೇ ಸುತ್ತಿಕೊಳ್ಳಲಿ ಎಂದರೆ, ದಾರಿಯುದ್ದಕ್ಕೂ ಸಾಂತ್ವನ ಹೇಳುವವರ ಸಾಲು. ಕೊನೆಗೆ ಗಾಳಿಯನ್ನೇ ತಡೆಯುವುದೆಂದು ಠರಾವಾಯಿತು.

ರವಿವಾರ ನಾವಿಬ್ಬರೂ ದಂಡಿನ ಪೇಟೆಯಾದ ಕ್ಯಾಂಪಿಗೆ ಹೊರಟೆವು. ಹಿಂದೆ ಕುಳಿತು, ಮಾಸ್ತರರ ಹೊಸ ಕೆಂಪು ರುಮಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿಯುವುದು ನನ್ನ ಜವಾಬ್ದಾರಿ. ಅಲ್ಲಿನ ಮೋಟಾರ್ ಸಾಮಾನಿನ ಅಂಗಡಿಯ ಪಾರ್ಸಿ ಮುದುಕರು ಎರಡು ವಿಂಡ್‌ಶೀಲ್ಡ್ ತಂದಿಟ್ಟರು. ಒಂದು ಗಾಜಿನದು: ಉಕ್ಕಿನ ಚೌಕಟ್ಟು, ನೀರಿನಷ್ಟು ತಿಳಿ, ಗಿಡ್ಡ. ಇನ್ನೊಂದು ಸೆಲ್ಯುಲಾಯ್ಡಿನದು: ಎತ್ತರ, ಕರ್ಪೂರದ ವಾಸನೆ, ಅದರೊಳಗಿಂದ ನೋಡಿದರೆ ರಸ್ತೆ ಅಲೆಅಲೆಯಾಗಿ ಕಾಣುತ್ತಿತ್ತು. ಬಿಸಿಲಿಗೆ ಹಳದಿಯಾಗುತ್ತದೆ, ಹತ್ತಿರ ಬೀಡಿ ಸೇದಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ ಎಂದು ಮುದುಕರೇ ಒಪ್ಪಿಕೊಂಡರು. ಸಾಹೇಬರೆಲ್ಲ ಗಾಜಿನದನ್ನೇ ಒಯ್ಯುತ್ತಾರೆ ಎಂದು ಮರಾಠಿಯಲ್ಲಿ ಸೇರಿಸಿದರು. ಸಾಹೇಬರು ರುಮಾಲು ಸುತ್ತುವುದಿಲ್ಲ ಎಂದು ಮಾಸ್ತರರು ಮರಾಠಿಯಲ್ಲೇ ಉತ್ತರಿಸಿದರು.

ಗಾಜಿನದನ್ನು ಹಿಡಿದು ನೋಡಿದರೆ ಅದು ಗದ್ದದವರೆಗೆ ಮಾತ್ರ ಬರುತ್ತಿತ್ತು. ಆದರೂ ನನ್ನ ಒಲವು ಅದರ ಕಡೆಗೇ.

“ಮಾಸ್ತರ್, ಗಾಜಿಂದ ತಗೋರಿ. ಇದರಾಗ ಎಮ್ಮಿ ಯಾವುದು, ಲಾರಿ ಯಾವುದು ತಿಳಿಯಂಗಿಲ್ಲ.”

“ಲಾರಿ ಆದ್ರ ಹಾರ್ನ್ ಹೊಡೀತದ,” ಎಂದರು ಅವರು. ಆಮೇಲೆ ದನಿ ತಗ್ಗಿಸಿ, “ನನಗ ರಸ್ತಾ ಹೆಂಗ ಕಾಣತದ ಅನ್ನೂದು ಬಿಡು, ತಮ್ಮಾ. ಆಕಿಗೆ ನಾ ಹೆಂಗ ಕಾಣತೇನಿ, ಅದನ್ನ ನೋಡಬೇಕು.”

ಹ್ಯಾಂಡಲ್ಲಿಗೆ ತಾಗುತ್ತಿದ್ದ ಸೆಲ್ಯುಲಾಯ್ಡಿನ ಅಂಚನ್ನು ಮುದುಕರು ಕತ್ತರಿಸಿ ತೆಗೆದರು. ಆ ಪಟ್ಟಿಯನ್ನು ನಾನು ಸುಮ್ಮನೆ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ನೇರ ಆಸ್ಪತ್ರೆಗೆ. ಸೇತುವೆ ಬಂತು. ಮಾಸ್ತರರ ಬೆನ್ನು ಕಂಬದಂತೆ ಸೆಟೆಯಿತು. “ಕೈ ತಗಿ,” ಎಂದರು. ತೆಗೆದೆ. ರುಮಾಲಿನ ಜರಿಯಂಚು ನಡುಗಿತು, ಸ್ವಲ್ಪ ಎದ್ದಿತು... ಕೂತಿತು. ಸೇತುವೆ ದಾಟಿದ ಮೇಲೆ ನಾವಿಬ್ಬರೂ ಉಸಿರು ಬಿಟ್ಟೆವು.

ವೈನಿ ಕಿಟಕಿಯ ಹತ್ತಿರವೇ ಇದ್ದರು. “ಮೊದಲ ಸಪ್ಪಳ ಕೇಳಿಸ್ತು, ತಮ್ಮಾ. ಕೆಂಪು ಕಾಣೂತನಕ ನನ್ನ ಜೀವದಾಗ ಜೀವ ಇರಲಿಲ್ಲ,” ಎಂದರು. ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಏನರೆ ಅನ್ನು, ಗಾಜಿನ ಕಪಾಟಿನ್ಯಾಗಿನ ಗೊಂಬಿಹಂಗ ಬಂದಾರ ನೋಡು,” ಎಂದು ನಕ್ಕರು. ಆ ನಗುವಿನ ಬೆನ್ನಿಗೆ ಕೆಮ್ಮು ಬರಲಿಲ್ಲ. ಅದನ್ನು ಮೂವರೂ ಗಮನಿಸಿದೆವು.

ಚಳಿಗಾಲ ಕಳೆದ ಮೇಲೆ ವೈನಿ ಮನೆಗೆ ಬಂದರು. ಫಟಫಟಿ ಏರಲು ಖಡಾಖಂಡಿತ ಒಪ್ಪದೆ ಟಾಂಗಾದಲ್ಲಿ ಬಂದರು. ಮಾಸ್ತರರು ಅದರ ಮುಂದೆ ಫಟಫಟಿಯ ಮೇಲೆ, ಕುದುರೆಯ ನಡಿಗೆಗೆ ತಕ್ಕ ವೇಗದಲ್ಲಿ, ಲಾಟಸಾಹೇಬರ ಸವಾರಿಯ ಠೀವಿಯಿಂದ ಸಾಗಿದರು. ಮುಂದೆ ಇಬ್ಬರೂ ಧಾರವಾಡಕ್ಕೆ ಮರಳಿದರು. ಡಾಕ್ಟರು ಅನುಮಾನಪಟ್ಟಿದ್ದ ಆ ಎದೆ, ಫಟಫಟಿಯನ್ನೂ ಡಾಕ್ಟರನ್ನೂ ಕೊನೆಗೆ ಮಾಸ್ತರರನ್ನೂ ಮೀರಿ ಬಾಳಿತು.

ಮಾಸ್ತರರು ಹೋದ ಸುದ್ದಿ ಬಂದ ದಿನ ನಾನು ಟೊಪ್ಪಿಗೆಯನ್ನು ಗೂಟದಲ್ಲೇ ಬಿಟ್ಟು ಬೀದಿಗೆ ಹೋದೆ. ಯಾರಾದರೂ ಕೇಳಿಯಾರು ಎಂದು ಪೇಟೆಯ ಉದ್ದಕ್ಕೂ ನಡೆದೆ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಇಡೀ ಊರೇ ಬರಿತಲೆಯಲ್ಲಿ ಓಡಾಡುತ್ತಿತ್ತು...

ಇವತ್ತು ಸಂಜೆ ಗೇಟಿನ ಬಳಿ ಮೊಮ್ಮಗನ ಮೋಟಾರ್ ಸೈಕಲ್ಲಿನ ಸಪ್ಪಳ ಕೇಳಿಸಿತು. ಪಟ್ಟಿಯನ್ನು ಕಣ್ಣಿಗೆ ಹಿಡಿದು ಕಿಟಕಿಯಿಂದ ನೋಡಿದೆ. ಅವನು ಹಳದಿಯಾಗಿ, ಅಲೆಅಲೆಯಾಗಿ ಬರುತ್ತಿದ್ದ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಅದೂ ಕೆಂಪು. ಎಲ್ಲರೂ ಕ್ಷೇಮ ಎಂದು ಸೊಸೆಗೆ ಕೂಗಿ ಹೇಳಿದೆ. ಅವಳು ಮರುಪ್ರಶ್ನೆ ಕೇಳಲಿಲ್ಲ.