ಬಲಗಡೆ ನಿಂತ ಸಿಗ್ನಲ್

ಜಯನಗರದ ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ಐದು ಅರೆಗಳಿವೆ. ನನ್ನ ಹೆಂಡತಿಯ ಸೀರೆಗಳಿಗೆ ಸಿಕ್ಕಿರುವುದು ಕೆಳಗಿನ ಒಂದೇ ಅರೆ. ಉಳಿದದ್ದೆಲ್ಲ ರೈಲು. ಅಂದರೆ, ಮನೆಯಲ್ಲಿ ಪುಟ್ಟ ಹಳಿ ಹಾಸಿ, ಪುಟ್ಟ ಸ್ಟೇಷನ್ ಕಟ್ಟಿ ರೈಲು ಓಡಿಸುವ ನಮ್ಮಂಥವರು ತಮ್ಮ ಕೈಕೆಲಸವನ್ನು ಕ್ಯಾಮೆರಾದಲ್ಲಿ ಹಿಡಿದ ಸ್ಲೈಡುಗಳು. ಫಿಲ್ಮಿನ ಸಣ್ಣ ತುಂಡು, ಸುತ್ತ ರಟ್ಟಿನ ಚೌಕಟ್ಟು. ಪ್ರೊಜೆಕ್ಟರಿಗೆ ಹಾಕಿದರೆ ಗೋಡೆ ತುಂಬ ಚಿತ್ರ. ಮೊಬೈಲಿನಲ್ಲಿ ಸಾವಿರ ಫೋಟೊ ಹೊತ್ತು ತಿರುಗುವ ಈ ಕಾಲದಲ್ಲಿ ಇದೆಂಥ ಹಟ ಅಂತ ಕೇಳುವವರುಂಟು. ಬೆರಳಗಲದ ಎಂಜಿನ್ನು ಗೋಡೆಯ ಮೇಲೆ ಆಳೆತ್ತರ ನಿಂತದ್ದನ್ನು ಒಮ್ಮೆ ನೋಡಿದವರು ಮತ್ತೆ ಕೇಳುವುದಿಲ್ಲ.

ನಾವು ಇಪ್ಪತ್ತು ಜನರಿದ್ದೇವೆ. ಬನಶಂಕರಿ, ಗಿರಿನಗರ, ಜೆ.ಪಿ. ನಗರ ಅಂತ ಚದುರಿಕೊಂಡವರು. ಸ್ಲೈಡು ಡಬ್ಬಿಗಳನ್ನು ಪುಸ್ತಕದ ಹಾಗೆ ಎರವಲು ಕೊಡುವ ಲೈಬ್ರರಿ ನಮ್ಮದು, ಅದನ್ನು ನೋಡಿಕೊಳ್ಳುವವನು ನಾನು. ಒಂದು ಡಬ್ಬಿಗೆ ಒಂದು ನೋಟುಬುಕ್ಕು. ಪ್ರತಿ ಸ್ಲೈಡಿಗೂ ಹೇಳಬೇಕಾದ ಮಾತನ್ನು ಮಾಡಿದವರು ಅದರಲ್ಲಿ ಬರೆದಿಟ್ಟಿರುತ್ತಾರೆ. ಒಯ್ದವರು ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಬೇಕು. ನೋಡಿದವರು ಅಂದದ್ದನ್ನು ಹಿಂದಿನ ಹಾಳೆಗಳಲ್ಲಿ ಬರೆದು ತರಬೇಕು. ತನ್ನ ಡಬ್ಬಿಯನ್ನು ತಾನೇ ಓದುವಂತಿಲ್ಲ. ಸ್ವಂತ ಮಗುವನ್ನು ಹೊಗಳುವುದಕ್ಕೆ ಕೊನೆಯೇ ಇರುವುದಿಲ್ಲವೆಂದು ಹಿರಿಯರು ಮಾಡಿದ ಕಟ್ಟುಪಾಡು ಅದು.

ನನ್ನ ಡಬ್ಬಿಯಲ್ಲಿ ಎಂಬತ್ತು ಸ್ಲೈಡು. ಘಾಟಿಯ ರೈಲುದಾರಿ, ಒಂಬತ್ತು ಸುರಂಗ, ಐದು ಸೇತುವೆ. ಮಹಡಿಯ ಕೋಣೆಯಲ್ಲಿ ಮೂರು ವರ್ಷ ಕೂತು ಕಟ್ಟಿದ್ದು. ಅದಕ್ಕೆ ಮಾತು ಬರೆಯುವಾಗ ನನ್ನ ಅಜ್ಜ, ಅಜ್ಜನ ಅಣ್ಣ, ಸೋದರತ್ತೆ ಇವರೆಲ್ಲರಿಂದ ಕಿವಿಗೆ ಬಿದ್ದ ಕನ್ನಡವನ್ನೆಲ್ಲ ಬಸಿದು ಹಾಕಿದ್ದೆ. ಜನವರಿಯ ವಾರ್ಷಿಕ ಕೂಟದಲ್ಲಿ ಮೊದಲು ತೋರಿಸುವುದು ವರ್ಷಗಳಿಂದ ಅದೇ ಡಬ್ಬಿ. ಅದು ನನ್ನ ಹಕ್ಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ನಾನೇ ಬರೆದುಕೊಂಡಿದ್ದೆ. ಎರವಲು ಒಯ್ದವರು ಮಾತ್ರ ಕಡಿಮೆ. ಹಿಂದಿನ ಹಾಳೆಯಲ್ಲಿದ್ದದ್ದು ಎರಡೇ ಅಭಿಪ್ರಾಯ, ಒಂದು ನನ್ನ ಭಾಮೈದನದು: 'ಬಹಳ ಶ್ರಮ ಪಟ್ಟಿದ್ದೀರಿ.'

ಆಗ ಬಂದಳು ಆ ಹುಬ್ಬಳ್ಳಿಯ ಹೆಣ್ಣುಮಗಳು. ಬಿ.ಟಿ.ಎಂ.ನಲ್ಲಿ ಬಾಡಿಗೆಯ ಒಂದು ಕೋಣೆ, ಯಾವುದೋ ವಿಮಾ ಕಚೇರಿಯಲ್ಲಿ ಕೆಲಸ. ರೈಲು ಓಡಿಸಲು ಜಾಗವಿಲ್ಲವೆಂದು ಇಸ್ತ್ರಿ ಮಾಡುವ ಹಲಗೆಯ ಮೇಲೆ ಒಂದು ಹಳ್ಳಿ ಸ್ಟೇಷನ್ ಕಟ್ಟಿದ್ದಳು. ಒಂದು ಬೇವಿನ ಮರ, ಒಂದು ಬೆಂಚು, ಒಂದು ಸಿಗ್ನಲ್, ಎರಡು ಬೋಗಿಯ ಗಾಡಿ. ಅಷ್ಟೇ. ಅವಳ ಸೋದರಮಾವ ಊರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದವನು. ಅವನ ಫ್ರಿಜ್ಜಿನಲ್ಲಿ ಅವಧಿ ಮುಗಿದು ಬಿದ್ದಿದ್ದ ಒಂದು ರೀಲಿನಲ್ಲಿ ಮೂವತ್ತಾರು ಚಿತ್ರ ತೆಗೆದಿದ್ದಳು. ಹಳೆಯ ಫಿಲ್ಮು ಬಣ್ಣ ತಪ್ಪಿ ಎಲ್ಲದಕ್ಕೂ ನೇರಳೆಯ ಛಾಯೆ ಬಂದಿತ್ತು. ಜನ ಅದನ್ನೇ 'ಸಂಜೆ ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ' ಅಂದರು. ನನಗೆ ಮೈ ಉರಿಯಿತು. ಕೆಟ್ಟ ಫಿಲ್ಮಿಗೆ ಇಂಥ ಯೋಗ!

ಅವಳ ಡಬ್ಬಿ ಬೀರುವಿನಲ್ಲಿ ಒಂದು ವಾರ ನಿಂತದ್ದಿಲ್ಲ. ವಸಂತಪುರದಲ್ಲಿ ನಮ್ಮ ಸದಸ್ಯರೊಬ್ಬರಿದ್ದಾರೆ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿ, ಮೇಲಿನ ಹಾಲಿನಲ್ಲಿ ಮಾತ್ರ ಯಾರನ್ನೂ ಇಡದೆ ರೈಲು ಓಡಿಸುವ ಯಜಮಾನರು. ಅವರು ಬೆಳಗ್ಗೆ ಕಾಫಿಗೆ ಮುಂಚೆಯೇ ಫೋನ್ ಮಾಡುತ್ತಿದ್ದರು.

"ಸಾರ್, ಇಸ್ತ್ರಿ ಹಲಗೆ ಸ್ಟೇಷನ್ನು ಬಂತಾ ವಾಪಸ್ಸು?"

"ಮೊನ್ನೆ ತಾನೇ ನೋಡಿದ್ರಲ್ಲ ಸ್ವಾಮಿ?"

"ನೋಡ್ದೆ. ನಮ್ಮ ಬೀಗ್ರು ಬಂದವ್ರೆ, ಅವ್ರಿಗ್ ತೋರ್ಸ್ಬೇಕು. ಸಖತ್ತಾಗ್ ಬರ್ದವ್ಳೆ ಕಣ್ರೀ ಆಯಮ್ಮ."

"ನನ್ನ ಘಾಟಿ ಡಬ್ಬಿ ಇಲ್ಲೇ ಇದೆ. ಕಳಿಸ್ಲಾ?"

"ಅಯ್ಯೋ, ಅದು ದೊಡ್ದು ಸಾರ್. ಅದಕ್ಕೆ ಪುರುಸೊತ್ತಾಗಿ ಕೂತ್ಕೋಬೇಕು."

ಆ ಪುರುಸೊತ್ತು ಅವರಿಗೆ ಯಾವತ್ತೂ ಬರಲಿಲ್ಲ. ಬೇರೆಯವರ ಮಾತು ಹೋಗಲಿ. ಒಂದು ಭಾನುವಾರ ಅವಳ ಡಬ್ಬಿಯನ್ನು ನಾನು ನಮ್ಮ ಮನೆಯಲ್ಲೇ ತೋರಿಸಬೇಕಾಯಿತು. 'ಬೆಂಚಿನ ಮ್ಯಾಲ ಕೂತಾಕಿ ನಮ್ಮ ದೊಡ್ಡವ್ವ. ಗಾಡಿ ಹಿಡಿಯಾಕ ಬಂದಿಲ್ಲ, ಗಾಳಿಗೆ ಬಂದಾಳ' ಅಂತ ನಾನು ಓದಿದೆ. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನ್ನ ಐದು ಸೇತುವೆಗಳ ಮುಂದೆ ಅವಳು ಎರಡು ಸಲ ನಿದ್ದೆ ಹೋಗಿದ್ದಾಳೆ.

ದೀಪಾವಳಿ ಕಳೆದ ಮೇಲೆ ಆ ಡಬ್ಬಿಯನ್ನು ಹಿಂದಿರುಗಿಸಲು ಬಂದವರು ಇಟ್ಟಮಡುವಿನ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರು, ಸಂಕೋಚದ ಮನುಷ್ಯ. ಯಾರಾದರೂ ತಮ್ಮ ಕಾಲು ತುಳಿದರೂ ತಾವೇ ಕ್ಷಮೆ ಕೇಳುವಂಥವರು. "ಈ ಸಲ ಜನವರಿಗೆ ಇದೇ ಮೊದಲನೇದು ಅಂತ ಎಲ್ಲರೂ ಅಂತಿದ್ದಾರೆ, ಅಲ್ವಾ ಸಾರ್?" ಅಂದರು, ನನ್ನನ್ನು ಸಂತೋಷಪಡಿಸುವವರ ಹಾಗೆ. ಅವರು ಹೋದ ಮೇಲೆ ನಾನು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಬಂದ ಡಬ್ಬಿಯ ಧೂಳು, ಬೂಷ್ಟು ನೋಡಿ ಸ್ಲೈಡುಗಳನ್ನು ಸಾಲಾಗಿ ಜೋಡಿಸಿಡುವುದು ನನ್ನ ಕೆಲಸ. ಎರಡು ದಿನದ್ದು. ಆ ಡಬ್ಬಿಯನ್ನು ಮೂರು ವಾರ ಇಟ್ಟುಕೊಂಡೆ. ಕೇಳಿದವರಿಗೆಲ್ಲ "ಇನ್ನೂ ಚೆಕಿಂಗ್ ಆಗ್ತಿದೆ" ಅಂದೆ. ಒಂದರ್ಥದಲ್ಲಿ ಸುಳ್ಳಲ್ಲ. ದಿನಾ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಒಂದೊಂದೇ ಸ್ಲೈಡನ್ನು ಹೊರತೆಗೆದು, ಭೂತಗನ್ನಡಿ ಹಿಡಿದು ತಪ್ಪು ಹುಡುಕುತ್ತಿದ್ದೆ. ಬೇವಿನ ಮರದ ಅಳತೆ ಸರಿಯಾಗಿತ್ತು. ಗಾಡಿಯ ಬಣ್ಣವೂ ಸರಿ. ಮೂರನೆಯ ವಾರ ಪ್ರೊಜೆಕ್ಟರಿನಲ್ಲಿ ಹತ್ತೊಂಬತ್ತನೆಯ ಸ್ಲೈಡು ಬಂದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಸಿಗ್ನಲ್ ಕಂಬ ಹಳಿಯ ಬಲಗಡೆ ನಿಂತಿತ್ತು! ನಮ್ಮ ದೇಶದಲ್ಲಿ ಕಂಬ ನಿಲ್ಲುವುದು ಎಡಕ್ಕೆ. ಕಂಬದ ತುದಿಯಲ್ಲಿ ಏಳುವ, ಇಳಿಯುವ ಕೈಪಟ್ಟಿಯೂ ಬಲಕ್ಕೇ ಚಾಚಿತ್ತು; ಅದೂ ಎಡಕ್ಕೆ ಚಾಚಬೇಕು. ಒಂದು ಕೇಳಿದರೆ ಎರಡು ತಪ್ಪು ಸಿಕ್ಕಿದ್ದವು. ಆ ದಿನ ಇನ್ನೊಂದು ಲೋಟ ಕಾಫಿ ಕೇಳಿ ಹಾಕಿಸಿಕೊಂಡು ಕುಡಿದೆ.

ಜನವರಿಯ ಡಬ್ಬಿಯನ್ನು ಆರಿಸಲು ಎಲ್ಲರೂ ವಸಂತಪುರದ ಯಜಮಾನರ ಹಾಲಿನಲ್ಲಿ ಸೇರಿದೆವು. ಇಸ್ತ್ರಿ ಹಲಗೆಯ ಹೆಸರು ಬರುತ್ತಿದ್ದ ಹಾಗೇ ನಾನು ಕೈ ಎತ್ತಿದೆ.

"ನನಗೆ ವೈಯಕ್ತಿಕವಾಗಿ ಏನೂ ಇಲ್ಲ" ಅಂದೆ. ಹಾಗೆ ಶುರು ಮಾಡಿದ ಯಾರಿಗೂ ಏನೂ ಇಲ್ಲದೆ ಇರುವುದಿಲ್ಲ. "ಆದ್ರೆ ಸಿಗ್ನಲ್ ಯಾವ ಕಡೆ ನಿಲ್ಲುತ್ತೆ ಅಂತ ಗೊತ್ತಿಲ್ಲದ ಮಾಡೆಲ್ಲನ್ನ ನಾವು ಮೊದಲನೇದಾಗಿ ತೋರಿಸಿದ್ರೆ, ಹೊರಗಿನಿಂದ ಬಂದವರು ಏನಂದ್ಕೋತಾರೆ?"

ಹತ್ತೊಂಬತ್ತನೆಯದನ್ನು ಗೋಡೆಗೆ ಬಿಟ್ಟೆ. ಎಲ್ಲರೂ ನೋಡಿದರು. ಯಜಮಾನರು "ಹೌದಲ್ವಾ!" ಅಂದರು. ಆ ಎರಡು ಕ್ಷಣಗಳ ಸುಖವನ್ನು ನಾನು ಮರೆತಿಲ್ಲ.

ಅವಳು ಹಿಂದಿನ ಸಾಲಿನಿಂದ ಎದ್ದು ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು.

"ನಾ ಎಡಕ್ಕ ಹಚ್ಚೇನಲ್ರಿ ಸರ. ಒಂಚೂರ ಆ ಸ್ಲೈಡ್ ತಗೀರಿ, ನೋಡೂಣು."

ತೆಗೆದುಕೊಟ್ಟೆ. ಸ್ಲೈಡನ್ನು ಟ್ರೇಗೆ ತಲೆಕೆಳಗಾಗಿ ಹಾಕಬೇಕು. ಯಾವ ಮೈ ಯಾವ ಕಡೆ ಅಂತ ತಿಳಿಯಲು ಮಾಡಿದವರು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಿರುತ್ತಾರೆ. ಪ್ರೊಜೆಕ್ಟರಿನ ಹಿಂದೆ ನಿಂತವನಿಗೆ ಅದು ಬಲಗಡೆ ಮೇಲೆ ಕಾಣಬೇಕು. ಅವಳು ಉಗುರುಬಣ್ಣದಿಂದ ಇಟ್ಟ ಕೆಂಪು ಚುಕ್ಕೆ ಈಚೆಯ ಮೈಯಲ್ಲಿರಲಿಲ್ಲ. ತಿರುಗಿಸಿದಳು. ಆಚೆಯ ಮೈಯಲ್ಲಿತ್ತು.

"ಇದನ್ನ ತಿರುವಿ ಹಾಕ್ಯಾರ್ರಿ ಯಾರೋ. ಕನ್ನಡಿಯೊಳಗ ನೋಡಿದಂಗ ಆಗೇತಿ."

ಬಲಕ್ಕೆ ಬಂದದ್ದು ಕಂಬವೂ ಹೌದು, ಕೈಪಟ್ಟಿಯೂ ಹೌದು. ಎರಡೂ ಒಟ್ಟಿಗೆ ತಪ್ಪಿವೆ ಎಂದರೆ ಸ್ಲೈಡೇ ತಿರುಗಿದೆ ಎಂದು ಮೂವತ್ತು ವರ್ಷದ ಅನುಭವಿಗೆ ಹೊಳೆಯಬೇಕಿತ್ತು. ತಪ್ಪು ಸಿಕ್ಕಿತೆಂಬ ಸಡಗರದಲ್ಲಿ ನಾನು ಚುಕ್ಕೆಯನ್ನೇ ನೋಡಿರಲಿಲ್ಲ.

"ಯಾರ್ ಸಾರ್ ಹಾಕಿದ್ದು ಹಿಂಗೆ?" ಅಂದರು ಯಜಮಾನರು. "ಲಾಸ್ಟ್ ಯಾರ ಹತ್ರ ಇತ್ತು?"

ಡ್ರಾಯಿಂಗ್ ಮೇಷ್ಟ್ರು ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ನಾನೇ ಇರ್ಬೇಕು. ಕಣ್ಣು ಸ್ವಲ್ಪ ಮಂಜು ನೋಡಿ ಈಚೆಗೆ... ಕ್ಷಮಿಸಮ್ಮ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೇಷ್ಟ್ರ ಮೇಲೆ ಯಾರೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ. ನನ್ನ ಮಾನವೂ ಉಳಿಯುತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಮೇಷ್ಟ್ರೆ, ಕೂತ್ಕೊಳ್ಳಿ. ಹೊರಗೆ ತೆಗೆದು ನೋಡಿ ವಾಪಸ್ ಹಾಕೋವಾಗ ತಿರುಗಿಸಿದ್ದು ನಾನು. ತಪ್ಪು ಹುಡುಕೋಕೆ ಅಂತ ಮೂರು ವಾರ ಇಟ್ಕೊಂಡಿದ್ದೆ. ಸಿಗ್ಲಿಲ್ಲ. ಕೊನೆಗೆ ನಾನೇ ಮಾಡಿದ್ದು ಸಿಕ್ತು."

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. "ಅದಕ್ಕೇನಾ ಸಾರ್ 'ಚೆಕಿಂಗು ಚೆಕಿಂಗು' ಅಂತಿದ್ದಿದ್ದು! ನಮ್ಮ ಬೀಗ್ರು ನೋಡ್ದೇನೇ ಊರಿಗೋದ್ರು!"

ಅವಳು ನಗಲಿಲ್ಲ. ಸ್ಲೈಡನ್ನು ನನ್ನ ಕೈಗೇ ಕೊಟ್ಟಳು. "ಹಾಕ್ರಿ ಸರ, ಸರಿ ಮಾಡಿ." ಹಾಕಿದೆ. ಕಂಬ ಎಡಕ್ಕೆ ಬಂದು ನಿಂತಿತು. ಆಯ್ಕೆಗೆ ಮತ್ತೆ ಚರ್ಚೆ ನಡೆಯಲಿಲ್ಲ.

ಜನವರಿಯಲ್ಲಿ ಅದೇ ಹಾಲಿನಲ್ಲಿ ಅವಳ ಡಬ್ಬಿ ಮೊದಲು ಹೋಯಿತು. ನೋಟುಬುಕ್ಕು ಓದಿದವರು ಮೇಷ್ಟ್ರು. ಮುಗಿದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಅವರೇಕಾಳಿನ ಉಪ್ಪಿಟ್ಟು ಬಂದ ಹೊತ್ತಿಗೆ, ನನ್ನ ಮುಖ ನೋಡಿ ಕನಿಕರವಾಗಿರಬೇಕು, ಯಜಮಾನರು "ಸಾರ್‌ದೂ ಒಂದಿಷ್ಟು ಹಾಕ್ರಪ್ಪ" ಅಂದರು. ನಾನು ಓದುವಂತಿರಲಿಲ್ಲ. ನೋಟುಬುಕ್ಕು ಅವಳ ಕೈಗೆ ಹೋಯಿತು.

"'ಗಿರಿಗಹ್ವರಗಳ ಒಡಲನ್ನು ಸೀಳಿಕೊಂಡು ಧೂಮಶಕಟವು...'" ಅವಳು ನಿಲ್ಲಿಸಿ ನನ್ನತ್ತ ತಿರುಗಿದಳು. "ಸರ, ಗಾಡಿ ಅಲ್ಲೇನ್ರಿ ಇದು?"

"ಗಾಡಿನೇ ಕಣಮ್ಮ."

"ಮತ್ತ ಗಾಡಿ ಬಂತು ಅಂತ ಮೊದಲ ಹೇಳಬಾರದೇನ್ರಿ? ಇಷ್ಟ ಓದೂದ್ರಾಗ ಅದು ಮುಂದಿನ ಸ್ಟೇಷನ್ ಮುಟ್ಟೇತಿ!"

ಹಾಲಿಗೆ ಹಾಲೇ ನಕ್ಕಿತು. ನನ್ನ ಹೆಂಡತಿಯ ನಗು ಎಲ್ಲರಿಗಿಂತ ಜೋರಾಗಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಡಬ್ಬಿಗೆ ಜನ ನಕ್ಕದ್ದು ಅದೇ ಮೊದಲು, ಆ ನಗುವನ್ನೂ ತಂದವಳು ಅವಳೇ. ನನ್ನ ಹೊಟ್ಟೆಯೊಳಗೆ ಉರಿ ಹಾಗೇ ಇತ್ತು, ಈಗಲೂ ಇದೆ. ಆದರೆ ಅವಳು ಹಾಳೆ ತಿರುಗಿಸುವಾಗ ನಾನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ನನ್ನದೇ ಎರಡನೆಯ ಸ್ಲೈಡಿಗೆ ಏನು ಹೇಳುತ್ತಾಳೋ ಎಂದು ಕುರ್ಚಿಯ ಅಂಚಿಗೆ ಸರಿದು ಕೂತೆ.