ದಾರೋಗಾನ ಪಿಂಚಣಿಗೆ ಭೀಮಬಾಯಿಯ ಸಾಕ್ಷಿ

ಗುಂಡಗುರ್ತಿಯ ಭೀಮಬಾಯಿಯ ನಾಲಿಗೆಗೆ ಊರೇ ಅಂಜುತ್ತಿತ್ತು. ಎಪ್ಪತ್ತು ದಾಟಿದರೂ ತೊಗರಿ ಕೊಯ್ಯುವಾಗ ಸೊಸೆಯಂದಿರಿಗಿಂತ ಒಂದು ಸಾಲು ಮುಂದೆಯೇ ಇರುತ್ತಿದ್ದಳು. ಅಂಥವಳನ್ನು ಹುಡುಕಿಕೊಂಡು ೧೯೯೪ರಲ್ಲಿ ಒಂದು ಬೆಳಿಗ್ಗೆ ಚಿತ್ತಾಪುರದಿಂದ ಸುಗರಾಬಿ ಬಂದಾಗ ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು.

ಸುಗರಾಬಿ, ನಿಜಾಮರ ಕಾಲದಲ್ಲಿ ನಾಲವಾರದ ಸುಂಕದ ನಾಕಾಕ್ಕೆ ದಾರೋಗಾ, ಎಂದರೆ ಮೇಲಧಿಕಾರಿ, ಆಗಿದ್ದ ಶಹಾಬುದ್ದೀನನ ಹೆಂಡತಿ. ನಾಲವಾರ ಭೀಮಬಾಯಿಯ ತವರು. ಮದುವೆಗೆ ಮುಂಚೆ ಅವಳು ಆ ದಾರೋಗಾನ ಮನೆಯ ಕಸ ಗುಡಿಸಿ, ಕುದುರೆಗೆ ಹುಲ್ಲು ಹೊತ್ತು ಬೆಳೆದವಳು. ಕೂಲಿಯೆಂದರೆ ಕವಡೆ ಕಾಸೂ ಇಲ್ಲ, ಬಿಟ್ಟಿ ಚಾಕರಿ. ಮಗಳನ್ನು ಕಳಿಸಲು ಒಲ್ಲೆನೆಂದ ಅಪ್ಪನನ್ನು ದಾರೋಗಾ ಚಾಬೂಕಿನಿಂದ ಬಡಿದಿದ್ದ.

ನಿಜಾಮ ಹೋದ, ದಾರೋಗಾನ ಪಿಂಚಣಿ ಮಾತ್ರ ಹೊಸ ಸರಕಾರದ ಕೊರಳಿಗೆ ಬಿತ್ತು. ಅವನು ಬದುಕಿರುವ ತನಕ ಅದು ಬಂತು. ಸತ್ತ ಮೇಲೆ ಹೆಂಡತಿಯ ಪಾಲು ನಿಂತಿತು. ಅವನು ತಾಂಡೂರಿನಲ್ಲಿ ನೌಕರಿ ಮುಗಿಸಿದವನು, ಆಂಧ್ರದವರನ್ನು ಕೇಳಿ ಎಂದರು ಈ ಕಡೆಯವರು. ಮನೆ ನಿಮ್ಮಲ್ಲಿದೆ, ನೀವೇ ಕೊಡಿ ಎಂದರು ಆ ಕಡೆಯವರು. ಮುದುಕಿ ಅಡಕತ್ತಿಗೆ ಸಿಕ್ಕ ಅಡಕೆಯಾದಳು. ಕೊನೆಗೆ ಈ ಕಡೆಯವರು ಒಪ್ಪಿದರು, ಆದರೆ ಒಂದು ಶರತ್ತು. ನಿಕಾಹದ ಕಾಗದ ಕಳೆದಿದೆ, ಹಾಗಾಗಿ ಇವಳು ದಾರೋಗಾನ ಹೆಂಡತಿಯಾಗಿ ಅವನ ಮನೆಯಲ್ಲಿದ್ದದ್ದನ್ನು ಕಣ್ಣಾರೆ ಕಂಡವರು ಸಾಕ್ಷಿ ಹೇಳಬೇಕು. ಪರದೆಯೊಳಗಿನ ಹೆಂಗಸನ್ನು ಕಂಡವರಾದರೂ ಎಷ್ಟು ಮಂದಿ? ನೆಂಟರೆಲ್ಲ ಮಣ್ಣು ಸೇರಿದ್ದರು. ಉಳಿದವಳು ಹಿತ್ತಲ ಬಾಗಿಲಿನಿಂದ ಬಂದು ಹೋಗುತ್ತಿದ್ದ ಭೀಮಬಾಯಿ ಒಬ್ಬಳೇ.

“ನೀ ಬರಂಗಿಲ್ಲಂದ್ರ ನಾ ಏನೂ ಅನ್ನಂಗಿಲ್ಲ, ಭೀಮವ್ವ. ಅನ್ಲಿಕ್ಕಿ ನನಗ ಮುಖಾ ಇಲ್ಲ,” ಎಂದಳು ಸುಗರಾಬಿ.

ಭೀಮಬಾಯಿಯ ಮಗ ಭಗವಂತ ಕೆಂಡವಾದ. “ನಮ್ಮಜ್ಜನ ಬೆನ್ನು ಸುಲಿದವನ ಪಿಂಚಣಿಗಿ ನೀ ಸಾಕ್ಷಿ ಹೇಳ್ತೀ ಏನವ್ವ? ನಿಂದರ್ಲಿ ಬಿಡು!”

ಭೀಮಬಾಯಿಯ ಹೊಟ್ಟೆಯೊಳಗೂ ಬೆಂಕಿ ಆರಿರಲಿಲ್ಲ. ಆದರೆ ಬಡಿದವಳು ಈ ಮುದುಕಿಯಲ್ಲ. ಸೆರಗು ಝಾಡಿಸಿ ಎದ್ದಳು.

“ಬರ್ತೀನಿ. ಆದ್ರ ಇದ್ದದ್ದು ಇದ್ದಂಗ ಹೇಳ್ತೀನಿ, ಬೀಬೀ.”

ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತ ನರಸಪ್ಪ ಕೇಳಿದ, “ಇವರನ್ನ ಹ್ಯಾಂಗ ಬಲ್ಲಿ, ಯವ್ವಾ?”

“ಇವರ ಮನ್ಯಾಗ ಬಿಟ್ಟಿ ಮಾಡೀನ್ರಿ.”

ನರಸಪ್ಪ ‘ಮನೆಗೆಲಸಕ್ಕಿದ್ದಳು’ ಎಂದು ಬರೆದು, ಓದಿ ಹೇಳಿದ.

“ಕೆಲಸಕ್ಕಿದ್ದಿಲ್ಲರಿ. ಬಿಟ್ಟಿ ಅಂತ ಬರೀರಿ. ಕೂಲಿ ಕೊಟ್ಟಿಲ್ಲ.”

“ಅಂಥಾದ್ದು ಬರದ್ರ ಮ್ಯಾಲಿನವರು ತಕರಾರ ಮಾಡ್ತಾರ. ಈ ಬೀಬೀದು ಮತ್ತ ನಿಲ್ತದ ನೋಡು.”

ಭೀಮಬಾಯಿ ಸುಗರಾಬಿಯ ಕಡೆ ತಿರುಗಿ ನೋಡಿದಳು. ಹಟ ಹಿಡಿದರೆ ಈ ಮುದುಕಿಯ ಅನ್ನಕ್ಕೆ ಕುತ್ತು. ಸುಮ್ಮನಾದರೆ ತಾನು ದುಡಿದ ವರುಷಗಳೆಲ್ಲ ಸುಳ್ಳು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ಅಷ್ಟರಲ್ಲಿ ಸುಗರಾಬಿ ಬುರ್ಖಾದ ಮುಸುಕು ಮೇಲೆತ್ತಿದಳು. “ಅಕಿ ಅಂದಂಗೇ ಬರೀರಿ, ಸಾಹೇಬ್ರ. ಬಿಟ್ಟೀನೇ ಅದು. ಇಕಿ ಅಪ್ಪಗ ನನ್ನ ಗಂಡ ಬಡದದ್ದು ನಾ ಪರದೇದ ಹಿಂದಿಂದ ನೋಡೀನಿ. ಅದನ್ನೂ ಬರೀರಿ. ಪಿಂಚಣಿ ನಿಂತ್ರ ನಿಂದರ್ಲಿ.”

ನರಸಪ್ಪ ಇಬ್ಬರ ಮುಖವನ್ನೂ ನೋಡಿ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು.

ದೀಪಾವಳಿಗೆ ಮುಂಚೆ ಪಿಂಚಣಿ ಮಂಜೂರಾಯಿತು. ಮೇಲಿನವರು ಒಂದು ಮಾತೂ ಎತ್ತಲಿಲ್ಲ. ಸುದ್ದಿ ಹೇಳಲು ಸುಗರಾಬಿ ಬಸ್ಸು ಹಿಡಿದು ಗುಂಡಗುರ್ತಿಗೆ ಬಂದಳು. ಭೀಮಬಾಯಿ ಅವಳನ್ನು ಊಟಕ್ಕೆ ಕೂರಿಸಿದಳು.

ಭಗವಂತನ ಗೊಣಗಾಟ ಮಾತ್ರ ನಿಂತಿರಲಿಲ್ಲ. “ಅವರದು ಬಂತು. ನಿನಗೇನು ಸಿಕ್ತವ್ವ?”

“ಅಕಿದು ನಿಂತಿದ್ರ ನನ್ನ ಕೂಲಿ ಬರ್ತಿತ್ತೇನೋ?” ಎಂದಳು ಭೀಮಬಾಯಿ. “ನಾ ದುಡದದ್ದು ಇಷ್ಟು ದಿನಾ ನನಗಷ್ಟೇ ಗೊತ್ತಿತ್ತು. ಈಗ ಸರಕಾರಕ್ಕೂ ಗೊತ್ತದ.”

ಹಾಗೆಂದು ಸುಗರಾಬಿಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.